ಮುಕ್ತ ಪರವಾನಗಿ: ಕೇಳುವ ಮೊದಲೇ ಕೊಟ್ಟ ಅನುಮತಿ

ಕವಿತೆ, ಛಾಯಾಚಿತ್ರ, ನಾಟಕ, ಹಾಡಿನ ಧ್ವನಿಮುದ್ರಣ ಯಾವುದೇ ಇರಲಿ, ಅದು ಕಾಗದದ ಮೇಲೋ ಕಂಪ್ಯೂಟರಿನ ಕಡತವಾಗಿಯೋ ರೂಪುಗೊಂಡ ಕ್ಷಣದಿಂದಲೇ ಅದಕ್ಕೆ ಹಕ್ಕುಸ್ವಾಮ್ಯ ಬರುತ್ತದೆ. 1886ರಲ್ಲಿ ಆರಂಭವಾದ ಬರ್ನ್ ಒಪ್ಪಂದಕ್ಕೆ ಇಂದು ಜಗತ್ತಿನ ಬಹುಪಾಲು ದೇಶಗಳು ಸೇರಿದ್ದು, ಈ ಒಪ್ಪಂದದ ಪ್ರಕಾರ ಹಕ್ಕು ಪಡೆಯಲು ನೋಂದಣಿಯೂ ಬೇಕಿಲ್ಲ, ಕೃತಿಯ ಮೇಲೆ ಯಾವ ಗುರುತೂ ಬೇಕಿಲ್ಲ. ಇದರ ಇನ್ನೊಂದು ಮಗ್ಗುಲನ್ನು ಅಂತರ್ಜಾಲ ಬಳಸುವವರು ಅಷ್ಟಾಗಿ ಗಮನಿಸುವುದಿಲ್ಲ. ಯಾವ ಷರತ್ತನ್ನೂ ಬರೆಯದೆ ಜಾಲತಾಣಕ್ಕೆ ಏರಿಸಿದ ಚಿತ್ರವು ಎಲ್ಲರ ಸ್ವತ್ತಾಗುವುದಿಲ್ಲ. ಅದರ ಎಲ್ಲ ಹಕ್ಕುಗಳೂ ಕಾಯ್ದಿರಿಸಲ್ಪಟ್ಟಿವೆ ಎಂದೇ ಕಾನೂನು ಭಾವಿಸುತ್ತದೆ. ‘ಯಾರು ಬೇಕಾದರೂ ಬಳಸಿಕೊಳ್ಳಲಿ’ ಎಂದು ಕಲಾವಿದರು ಮನಸ್ಸಿನಲ್ಲಿ ಅಂದುಕೊಂಡಿದ್ದರೆ ಅದು ಸಾಲದು. ಆ ಮನಸ್ಸಿನ ಮಾತನ್ನು ಕಾನೂನು ಒಪ್ಪುವ ಬರಹಕ್ಕಿಳಿಸಿ, ಹೆಸರು ವಿಳಾಸ ಗೊತ್ತಿಲ್ಲದವರಿಗೂ ಅವರು ಕೇಳುವ ಮೊದಲೇ ಕೊಟ್ಟಿಡುವ ಅನುಮತಿಗೆ ಮುಕ್ತ ಪರವಾನಗಿ ಎನ್ನುತ್ತಾರೆ.

ಪರವಾನಗಿ ಕೊಟ್ಟ ಮಾತ್ರಕ್ಕೆ ಹಕ್ಕುಸ್ವಾಮ್ಯ ಕೈಬಿಟ್ಟು ಹೋಗುವುದಿಲ್ಲ. ಹಕ್ಕು ಕೈಯಲ್ಲಿರುವುದರಿಂದಲೇ ರಚನಾಕಾರರು ಷರತ್ತು ವಿಧಿಸಬಲ್ಲರು, ಷರತ್ತು ಮೀರಿದವರನ್ನು ಪ್ರಶ್ನಿಸಬಲ್ಲರು, ಬೇರೊಂದು ಪ್ರಕಾಶಕರೊಡನೆ ಬೇರೆಯೇ ಒಪ್ಪಂದವನ್ನೂ ಮಾಡಿಕೊಳ್ಳಬಲ್ಲರು. ಈ ಉಪಾಯ ಮೊದಲು ಬೆಳೆದದ್ದು ತಂತ್ರಾಂಶದ ಜಗತ್ತಿನಲ್ಲಿ. ಸಾಹಿತ್ಯ, ಸಂಗೀತ, ಚಿತ್ರಕಲೆಗಳಿಗೆ ಒಗ್ಗುವ ಪರವಾನಗಿಗಳು 2000ದ ಸುಮಾರಿಗೆ ಕಾಣಿಸಿಕೊಂಡವು. ಫ್ರಾನ್ಸಿನ ಕಲಾವಿದರ ನಡುವೆ ಹುಟ್ಟಿದ ‘ಫ್ರೀ ಆರ್ಟ್ ಲೈಸೆನ್ಸ್’ ಆ ವರ್ಷದ್ದು. ಆದರೆ ಇಂದು ಹೆಚ್ಚು ಬಳಕೆಯಲ್ಲಿರುವುದು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಪರವಾನಗಿಗಳು. ಅಮೆರಿಕ 1998ರಲ್ಲಿ ಹಕ್ಕುಸ್ವಾಮ್ಯದ ಅವಧಿಯನ್ನು ಇನ್ನೂ ಇಪ್ಪತ್ತು ವರ್ಷ ವಿಸ್ತರಿಸಿದಾಗ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತಿದ್ದ ಎರಿಕ್ ಎಲ್ಡ್ರೆಡ್ ಮತ್ತು ಅವರ ಪರ ವಾದಿಸಿದ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಪ್ರಮುಖರು. ಮೊಕದ್ದಮೆಯಲ್ಲಿ ಅವರು 2003ರಲ್ಲಿ ಸೋತರು. ಆ ವೇಳೆಗಾಗಲೇ, ಕಾನೂನು ಬದಲಾಗುವುದನ್ನು ಕಾಯದೆ ಇರುವ ಕಾನೂನಿನೊಳಗೇ ಹಂಚಿಕೆಗೆ ದಾರಿ ಮಾಡಿಕೊಡುವ ಉದ್ದೇಶದಿಂದ ಅವರೂ ಸೇರಿ 2001ರಲ್ಲಿ ಕಟ್ಟಿದ ಕ್ರಿಯೇಟಿವ್ ಕಾಮನ್ಸ್, 2002ರ ಡಿಸೆಂಬರಿನಲ್ಲಿ ತನ್ನ ಮೊದಲ ಪರವಾನಗಿಗಳನ್ನು ಹೊರತಂದಿತ್ತು. ಈಗ ಚಾಲ್ತಿಯಲ್ಲಿರುವ 4.0 ಆವೃತ್ತಿ 2013ರದ್ದು.

ಈ ಪರವಾನಗಿಗಳ ರಚನೆ ಸರಳ. ಷರತ್ತುಗಳು ನಾಲ್ಕೇ. ಕರ್ತೃವಿನ ಹೆಸರು ಹೇಳಬೇಕು ಎಂಬುದು ‘ಬಿವೈ’. ಕೃತಿಯನ್ನು ಮಾರ್ಪಡಿಸಿ ಹಂಚುವವರು ತಮ್ಮದನ್ನೂ ಅದೇ ಪರವಾನಗಿಯಡಿ ಹಂಚಬೇಕು ಎಂಬುದು ‘ಎಸ್‌ಎ’. ವಾಣಿಜ್ಯ ಬಳಕೆ ಕೂಡದು ಎಂಬುದು ‘ಎನ್‌ಸಿ’. ಮಾರ್ಪಡಿಸಿದ್ದನ್ನು ಹಂಚಕೂಡದು ಎಂಬುದು ‘ಎನ್‌ಡಿ’. ಇವುಗಳ ಜೋಡಣೆಯಿಂದ ಆರು ಪರವಾನಗಿಗಳಾಗುತ್ತವೆ, ಆರರಲ್ಲೂ ಬಿವೈ ಇದ್ದೇ ಇರುತ್ತದೆ. ಹೆಸರಿನ ಷರತ್ತೂ ಬೇಡವೆನ್ನುವವರಿಗಾಗಿ 2009ರಲ್ಲಿ ‘ಸಿಸಿ ಝೀರೋ’ ಬಂತು. ಈ ಎಲ್ಲವನ್ನೂ ಮುಕ್ತವೆಂದು ಕರೆಯುವ ರೂಢಿ ಇದ್ದರೂ, ಮುಕ್ತ ಸಾಂಸ್ಕೃತಿಕ ಕೃತಿಗಳ ವ್ಯಾಖ್ಯೆ ಎಂದು ಹೆಸರಾದ ದಾಖಲೆಯೊಂದು ಯಾರು ಬೇಕಾದರೂ, ಯಾವ ಉದ್ದೇಶಕ್ಕೆ ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದದ್ದನ್ನು ಮಾತ್ರ ಮುಕ್ತವೆನ್ನುತ್ತದೆ. ಆ ಒರೆಗಲ್ಲಿಗೆ ಹಚ್ಚಿದರೆ ಬಿವೈ, ಬಿವೈ-ಎಸ್‌ಎ ಮತ್ತು ಸಿಸಿ ಝೀರೋ ಮಾತ್ರ ಉಳಿಯುತ್ತವೆ. ವಿಕಿಪೀಡಿಯ ಬಳಸುವ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್ ಎನ್‌ಸಿ ಮತ್ತು ಎನ್‌ಡಿ ಪರವಾನಗಿಯ ಚಿತ್ರಗಳನ್ನು ಸ್ವೀಕರಿಸದಿರುವುದೂ ಇದೇ ಕಾರಣಕ್ಕೆ.

ಆಯ್ಕೆಗೆ ಕೂರುವ ಮೊದಲು ಕೇಳಿಕೊಳ್ಳಬೇಕಾದದ್ದು, ಅನುಮತಿ ಕೊಡುವ ಅಧಿಕಾರ ತಮಗಿದೆಯೇ ಎಂಬ ಪ್ರಶ್ನೆ. ಒಂದು ಹಾಡಿನ ಧ್ವನಿಮುದ್ರಣವನ್ನು ತೆಗೆದುಕೊಳ್ಳೋಣ. ಸಾಹಿತ್ಯದ ಹಕ್ಕು ಕವಿಯದು, ರಾಗ ಸಂಯೋಜನೆಯ ಹಕ್ಕು ಸಂಯೋಜಕರದು, ಹಾಡಿದ್ದರ ಮೇಲೆ ಗಾಯಕರಿಗೆ ಪ್ರದರ್ಶಕರ ಹಕ್ಕು, ಮುದ್ರಣದ ಮೇಲೆ ಅದನ್ನು ನಿರ್ಮಿಸಿದವರ ಹಕ್ಕು. ಇವರಲ್ಲಿ ಒಬ್ಬರು ತಮ್ಮ ಪಾಲಿಗೆ ಪರವಾನಗಿ ಹಚ್ಚಿದರೆ ಉಳಿದ ಮೂವರ ಪಾಲು ಅದರಿಂದ ಬಿಡುಗಡೆಯಾಗುವುದಿಲ್ಲ. ಸಂಬಳಕ್ಕಾಗಿ ಬರೆದ ಕೃತಿಯ ಹಕ್ಕು ಸಂಸ್ಥೆಯದ್ದಾಗಿರಬಹುದು. ಸಂಗೀತಗಾರರು ರಾಯಧನ ಸಂಗ್ರಹಿಸುವ ಸಂಘವೊಂದಕ್ಕೆ ತಮ್ಮ ಹಕ್ಕುಗಳನ್ನು ಒಪ್ಪಿಸಿದ್ದರೆ, ಆ ಒಪ್ಪಂದವನ್ನು ಓದದೆ ಮುಕ್ತ ಪರವಾನಗಿ ಘೋಷಿಸುವುದು ತಮ್ಮದಲ್ಲದ್ದನ್ನು ದಾನ ಮಾಡಿದಂತೆಯೇ ಸರಿ.

ಹೆಸರು ಹೇಳಬೇಕೆಂಬ ಷರತ್ತು ಎಲ್ಲಕ್ಕಿಂತ ಹಗುರವಾದದ್ದೆಂದು ತೋರುತ್ತದೆ, ಆದರೆ ಹೆಚ್ಚಾಗಿ ತಪ್ಪುವುದು ಅಲ್ಲಿಯೇ. ಚಿತ್ರದ ಕೆಳಗೆ ‘ಕೃಪೆ: ಇಂಟರ್ನೆಟ್’ ಎಂದು ಬರೆದರೆ ಷರತ್ತು ಪೂರೈಸಿದಂತಲ್ಲ. ‘ಬೆಳಗಿನ ಕೊಕ್ಕರೆಗಳು’ ಎಂಬ ಹೆಸರಿನ ಛಾಯಾಚಿತ್ರವನ್ನು ಬಳಸುವವರು ಆ ಶೀರ್ಷಿಕೆ, ತೆಗೆದವರ ಹೆಸರು, ಚಿತ್ರ ದೊರೆತ ಪುಟದ ಕೊಂಡಿ ಮತ್ತು ‘ಸಿಸಿ ಬಿವೈ 4.0’ ಎಂಬ ಪರವಾನಗಿಯ ಹೆಸರನ್ನು ಅದರ ಕೊಂಡಿಯೊಡನೆ ಕೊಟ್ಟು, ‘ಅಂಚು ಕತ್ತರಿಸಿ ಬಣ್ಣ ತಿಳಿಗೊಳಿಸಲಾಗಿದೆ’ ಎಂದು ಒಂದು ಸಾಲು ಸೇರಿಸಿದರೆ ಅಚ್ಚುಕಟ್ಟಾಯಿತು. 4.0 ಆವೃತ್ತಿಯಲ್ಲಿ ಶೀರ್ಷಿಕೆ ಕಡ್ಡಾಯವಲ್ಲ, ಮಾರ್ಪಾಟನ್ನು ತಿಳಿಸುವುದು ಕಡ್ಡಾಯ. ಇದರಲ್ಲಿ ರಚನಾಕಾರರ ಹೊಣೆಯೂ ಇದೆ. ತಮ್ಮನ್ನು ಯಾವ ಹೆಸರಿನಿಂದ ಗುರುತಿಸಬೇಕು, ಯಾವ ಆವೃತ್ತಿಯ ಯಾವ ಪರವಾನಗಿ ಎಂಬುದನ್ನು ಕೃತಿಯ ಪಕ್ಕದಲ್ಲೇ ಬರೆಯದೆ ಜಾಲತಾಣದ ಮೂಲೆಯಲ್ಲೆಲ್ಲೋ ಒಂದು ಲಾಂಛನ ಅಂಟಿಸಿಟ್ಟರೆ, ಅದು ಪುಟದ ಬರಹಕ್ಕೆ ಅನ್ವಯಿಸುತ್ತದೆಯೋ ಅದರಲ್ಲಿರುವ ಚಿತ್ರಗಳಿಗೂ ಅನ್ವಯಿಸುತ್ತದೆಯೋ ಎಂದು ಬಳಸುವವರು ಊಹಿಸಬೇಕಾಗುತ್ತದೆ.

ಹೊಸಬರು ಹೆಚ್ಚು ಯೋಚಿಸದೆ ಆರಿಸಿಕೊಳ್ಳುವುದು ಎನ್‌ಸಿಯನ್ನು. ‘ನನ್ನ ಶ್ರಮದಿಂದ ಬೇರೆಯವರೇಕೆ ದುಡ್ಡು ಮಾಡಬೇಕು’ ಎಂಬ ಭಾವನೆ ಸಹಜವೂ ಹೌದು, ನ್ಯಾಯವೂ ಹೌದು. ಆದರೆ ವಾಣಿಜ್ಯ ಎಲ್ಲಿಂದ ಶುರುವಾಗುತ್ತದೆ? ವಾಣಿಜ್ಯ ಲಾಭವನ್ನಾಗಲಿ ಹಣದ ಪ್ರತಿಫಲವನ್ನಾಗಲಿ ಮುಖ್ಯವಾಗಿ ಗುರಿಯಾಗಿಸಿಕೊಂಡ ಬಳಕೆ ಎಂದು ಪರವಾನಗಿ ಹೇಳುತ್ತದೆ. ಅಂದರೆ ಅದು ನೋಡುವುದು ಬಳಸುವವರು ಯಾರೆಂಬುದನ್ನಲ್ಲ, ಬಳಕೆ ಎಂಥದ್ದೆಂಬುದನ್ನು. ಲಾಭರಹಿತ ಸಂಸ್ಥೆಯೊಂದು ಪುಸ್ತಕ ಮಾರಿದರೆ ಅದು ವಾಣಿಜ್ಯವಾಗಬಹುದು, ಕಂಪನಿಯೊಂದರ ಬಳಕೆ ವಾಣಿಜ್ಯವಲ್ಲದಿರಲೂಬಹುದು. ಜರ್ಮನಿಯ ಸಾರ್ವಜನಿಕ ಬಾನುಲಿ ಸಂಸ್ಥೆಯೊಂದು ಎನ್‌ಸಿ ಪರವಾನಗಿಯ ಛಾಯಾಚಿತ್ರವನ್ನು ತನ್ನ ಜಾಲತಾಣದಲ್ಲಿ ಬಳಸಿದ ಪ್ರಕರಣದಲ್ಲಿ, ಕಲೋನಿನ ಕೆಳ ನ್ಯಾಯಾಲಯ 2014ರಲ್ಲಿ ಎನ್‌ಸಿ ಎಂದರೆ ಖಾಸಗಿ ಬಳಕೆ ಮಾತ್ರ ಎಂದು ತೀರ್ಪಿತ್ತಿತು. ಅದೇ ವರ್ಷ ಮೇಲಿನ ನ್ಯಾಯಾಲಯ ಆ ಅರ್ಥವನ್ನು ತಳ್ಳಿಹಾಕಿತು. ಬಾನುಲಿ ಸಂಸ್ಥೆ ಪೂರ್ತಿ ಪಾರಾಗಲಿಲ್ಲ ಎಂಬುದು ಬೇರೆ ಮಾತು: ಚಿತ್ರವನ್ನು ಕತ್ತರಿಸುವಾಗ ಅದರ ಅಂಚಿನಲ್ಲಿದ್ದ ಛಾಯಾಗ್ರಾಹಕರ ಹೆಸರೂ ಹೋಗಿತ್ತು.

ಇನ್ನೊಂದು ಪ್ರಕರಣ ಅಮೆರಿಕದ್ದು. ಗ್ರೇಟ್ ಮೈಂಡ್ಸ್ ಎಂಬ ಸಂಸ್ಥೆ ಶಾಲೆಗಳಿಗಾಗಿ ಸಿದ್ಧಪಡಿಸಿದ ಗಣಿತದ ಪಾಠಗಳನ್ನು ಬಿವೈ-ಎನ್‌ಸಿ-ಎಸ್‌ಎ ಪರವಾನಗಿಯಲ್ಲಿ ಬಿಟ್ಟಿತ್ತು. ಶಾಲಾ ಆಡಳಿತಗಳು ಆ ಪಾಠಗಳ ಪ್ರತಿ ತೆಗೆಯುವ ಕೆಲಸವನ್ನು ಫೆಡೆಕ್ಸ್ ಆಫೀಸ್ ಮಳಿಗೆಗಳಿಗೆ ಹಣಕೊಟ್ಟು ಒಪ್ಪಿಸಿದವು. ಪ್ರತಿ ತೆಗೆದು ಲಾಭ ಮಾಡಿದ್ದು ವಾಣಿಜ್ಯ ಬಳಕೆಯೇ ಎಂದು ಪ್ರಕಾಶಕರು ವಾದಿಸಿದರು. ಶಾಲೆ ತಾನೇ ಮಾಡಬಹುದಾದ ಕೆಲಸವನ್ನು ಕೂಲಿಗೆ ಮಾಡಿಸಿಕೊಂಡರೆ ಬಳಕೆ ಶಾಲೆಯದೇ ಹೊರತು ಕೂಲಿ ಪಡೆದವರದಲ್ಲ ಎಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಪರವಾನಗಿ ಕೊಟ್ಟವರ ಮನಸ್ಸಿನಲ್ಲಿದ್ದ ಎನ್‌ಸಿಯೇ ಬೇರೆ, ನ್ಯಾಯಾಲಯ ಓದಿದ ಎನ್‌ಸಿಯೇ ಬೇರೆ. ದೊಡ್ಡ ಸಂಸ್ಥೆಗಳಿಗೆ ಹೀಗೆ ವಾದಿಸಲು ವಕೀಲರಿರುತ್ತಾರೆ; ಜಾಹೀರಾತಿನಿಂದ ನಾಲ್ಕು ಕಾಸು ಬರುವ ಜಾಲತಾಣ ನಡೆಸುವ ಶಿಕ್ಷಕರೋ, ಟಿಕೆಟ್ ಇಟ್ಟು ನಾಟಕವಾಡುವ ಹವ್ಯಾಸಿ ತಂಡವೋ ಎನ್‌ಸಿ ಎಂಬ ಗುರುತು ಕಂಡ ಕೂಡಲೇ ಆ ಕೃತಿಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹಾಗಾಗಿ ರಚನಾಕಾರರು ಯಾರನ್ನು ತಡೆಯಬೇಕೆಂದುಕೊಂಡಿದ್ದರೋ ಅವರಿಗಿಂತ, ಯಾರಿಗೆ ತಲುಪಲೆಂದು ಬಯಸಿದ್ದರೋ ಅವರನ್ನೇ ಎನ್‌ಸಿ ಹೆಚ್ಚಾಗಿ ತಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಕೃತಿಯ ಮಾರಾಟವೇ ಜೀವನೋಪಾಯವಾಗಿರುವ ಲೇಖಕರು ಉಚಿತ ಓದಿಗೆ ಎನ್‌ಸಿ ಕೊಟ್ಟು, ಮುದ್ರಣ ಮತ್ತು ಚಿತ್ರೀಕರಣದ ಹಕ್ಕುಗಳನ್ನು ಪ್ರತ್ಯೇಕವಾಗಿ ಮಾರಿಕೊಳ್ಳುವುದಾದರೆ ಅದಕ್ಕೆ ಅರ್ಥವಿದೆ.

ಪರರು ತಮ್ಮ ಕೃತಿಯನ್ನು ಬೇಲಿಯೊಳಗೆ ಹಾಕಿಕೊಳ್ಳುತ್ತಾರೆ ಎಂಬುದೇ ನಿಜವಾದ ಅಂಜಿಕೆಯಾಗಿದ್ದರೆ ಅದಕ್ಕೆ ತಕ್ಕ ಉತ್ತರ ಎಸ್‌ಎ. ಅದು ಹಣ ಮಾಡುವುದನ್ನು ತಡೆಯದೆ, ಮಾರ್ಪಡಿಸಿ ಹಂಚಿದ್ದು ಮತ್ತೆ ಎಲ್ಲರಿಗೂ ಸಿಗಬೇಕೆಂದು ಕೇಳುತ್ತದೆ. ವಿಕಿಪೀಡಿಯ 2009ರಲ್ಲಿ ತಂತ್ರಾಂಶದ ಕೈಪಿಡಿಗಳಿಗೆಂದು ರೂಪಿಸಲಾಗಿದ್ದ ತನ್ನ ಹಳೆಯ ಜಿಎನ್‌ಯು ಪರವಾನಗಿಯಿಂದ ಬಿವೈ-ಎಸ್‌ಎಗೆ ಬಂತು, 2023ರಲ್ಲಿ ಅದರ 4.0 ಆವೃತ್ತಿಗೆ ಏರಿತು. ಎಸ್‌ಎಗೂ ಒಂದು ತೊಡಕಿದೆ. ಬಿವೈ-ಎಸ್‌ಎ ಮತ್ತು ಬಿವೈ-ಎನ್‌ಸಿ-ಎಸ್‌ಎ ಕೃತಿಗಳೆರಡನ್ನು ಬೆರೆಸಿ ಹೊಸದೊಂದನ್ನು ಹಂಚಲಾಗುವುದಿಲ್ಲ, ಏಕೆಂದರೆ ಎರಡೂ ‘ನನ್ನ ಹಾಗೆಯೇ ಹಂಚು’ ಎನ್ನುತ್ತವೆ. ಇನ್ನೊಬ್ಬರ ಎಸ್‌ಎ ಕೃತಿಯ ಮೇಲೆ ಕಟ್ಟಿದವರಿಗೆ ಪರವಾನಗಿಯ ಆಯ್ಕೆ ಬಹುಪಾಲು ಆಗಿಯೇ ಹೋಗಿರುತ್ತದೆ. ಅಕ್ಷರ ವಿನ್ಯಾಸಕರು ಈ ಗೊಂದಲಕ್ಕೆ ಸಿಲುಕದೆ ಅಕ್ಷರಶೈಲಿಗಳಿಗೆಂದೇ ರೂಪಿಸಿದ ಓಪನ್ ಫಾಂಟ್ ಲೈಸೆನ್ಸ್ ಬಳಸುತ್ತಾರೆ; ತಂತ್ರಾಂಶಕ್ಕೂ ತನ್ನ ಪರವಾನಗಿಗಳನ್ನು ಬಳಸಬೇಡಿರೆಂದು ಕ್ರಿಯೇಟಿವ್ ಕಾಮನ್ಸ್ ತಾನೇ ಹೇಳುತ್ತದೆ.

ಎನ್‌ಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅನುವಾದವೂ ಮಾರ್ಪಾಟೇ, ವಿಡಿಯೋಗೆ ಹೊಂದಿಸಿದ ಸಂಗೀತವೂ ಮಾರ್ಪಾಟೇ. ಎನ್‌ಡಿ ಹಚ್ಚಿದ ಕತೆ ಇನ್ನೊಂದು ಭಾಷೆಗೆ ಹೋಗಬೇಕಾದರೆ ಮತ್ತೆ ಅನುಮತಿ ಪತ್ರ ಬರೆಯಲೇಬೇಕು. ಒಬ್ಬರ ಹೇಳಿಕೆ ಅಥವಾ ಸಂಸ್ಥೆಯ ನಿಲುವಿನ ದಾಖಲೆಯಂಥ, ಒಂದಕ್ಷರವೂ ಬದಲಾಗಬಾರದ ಬರಹಕ್ಕೆ ಅದು ಹೊಂದುತ್ತದೆ.

ಸಿಸಿ ಝೀರೋ ಇನ್ನೊಂದು ತುದಿ. ಹಕ್ಕನ್ನು ಪೂರ್ತಿ ಬಿಟ್ಟುಕೊಡಲು ಕೆಲವು ದೇಶಗಳ ಕಾನೂನು ಅವಕಾಶ ಕೊಡುವುದಿಲ್ಲವಾದ್ದರಿಂದ, ಬಿಟ್ಟುಕೊಡುವುದು ಊರ್ಜಿತವಾಗದ ಕಡೆ ಅದು ಷರತ್ತಿಲ್ಲದ ಪರವಾನಗಿಯಂತೆ ಕೆಲಸ ಮಾಡುತ್ತದೆ. ಅಮೆರಿಕದ ಅನಿಮೇಷನ್ ಕಲಾವಿದೆ ನೀನಾ ಪೇಲಿ ಬಿವೈ-ಎಸ್‌ಎಯಡಿ ಬಿಟ್ಟಿದ್ದ ತಮ್ಮ ಚಲನಚಿತ್ರವನ್ನು 2013ರಲ್ಲಿ ಸಿಸಿ ಝೀರೋಗೆ ಬದಲಿಸಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನೂ, ಸ್ಮಿತ್ಸೋನಿಯನ್ ಸಂಸ್ಥೆ 2020ರಲ್ಲಿ ಸುಮಾರು 28 ಲಕ್ಷ ಚಿತ್ರಗಳನ್ನೂ ಸಿಸಿ ಝೀರೋದಡಿ ತೆರೆದಿಟ್ಟವು. ಸಂಗ್ರಹಾಲಯಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ವರ್ಣಚಿತ್ರದ ಯಥಾವತ್ ಪ್ರತಿ ತೆಗೆದು ಅದಕ್ಕೆ ಬಿವೈ-ಎನ್‌ಸಿ ಹಚ್ಚುವ ಸಂಸ್ಥೆ, ಇಲ್ಲದ ಹಕ್ಕನ್ನು ಮೊದಲು ತನ್ನದೆಂದು ಹೇಳಿ ಆಮೇಲೆ ಉದಾರವಾಗಿ ಹಂಚುತ್ತಿರುತ್ತದೆ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನ ಇಂಥ ಯಥಾವತ್ ಪ್ರತಿಗೆ ಹೊಸ ಹಕ್ಕುಸ್ವಾಮ್ಯವಿಲ್ಲ ಎಂದು ಸ್ಪಷ್ಟಪಡಿಸಿದೆ. ಇಂಥ ಕೃತಿಗಳಿಗೆ ಬೇಕಾದದ್ದು ಪರವಾನಗಿಯಲ್ಲ, ಇದು ಸಾರ್ವಜನಿಕ ವಲಯದ್ದು, ಅಂದರೆ ಯಾರ ಹಕ್ಕುಸ್ವಾಮ್ಯಕ್ಕೂ ಒಳಪಡದೆ ಎಲ್ಲರಿಗೂ ಸೇರಿದ್ದು, ಎಂದು ತಿಳಿಸುವ ಗುರುತು ಮಾತ್ರ.

ಪರವಾನಗಿ ಮುಟ್ಟದ ಪ್ರದೇಶಗಳೂ ಇವೆ. ಬಿವೈ ಪರವಾನಗಿಯಡಿ, ಛಾಯಾಚಿತ್ರ ಹಂಚುವ ಜಾಲತಾಣವಾದ ಫ್ಲಿಕರ್‌ನಲ್ಲಿದ್ದ ಹದಿಹರೆಯದ ಹುಡುಗಿಯೊಬ್ಬಳ ಚಿತ್ರವನ್ನು 2007ರಲ್ಲಿ ಆಸ್ಟ್ರೇಲಿಯದ ಮೊಬೈಲ್ ಕಂಪನಿಯೊಂದು ತನ್ನ ಜಾಹೀರಾತಿಗೆ ಬಳಸಿಕೊಂಡಾಗ ವಿವಾದವಾಯಿತು. ಛಾಯಾಗ್ರಾಹಕರ ಅನುಮತಿಯಿತ್ತು, ಚಿತ್ರದಲ್ಲಿದ್ದವಳ ಅನುಮತಿಯನ್ನು ಯಾರೂ ಕೇಳಿರಲಿಲ್ಲ. ಖಾಸಗಿತನದ ಹಕ್ಕನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಮೂರನೆಯವರ ಪರವಾಗಿ ಬಿಟ್ಟುಕೊಡಲಾರದು. ಸಮುದಾಯವೊಂದರ ಆಚರಣೆಯ ಹಾಡನ್ನು ದಾಖಲಿಸುವವರಿಗೂ ಇದೇ ಎಚ್ಚರ ಬೇಕು. ಕಾನೂನಿನ ಪ್ರಕಾರ ಮುದ್ರಣದ ಹಕ್ಕು ದಾಖಲಿಸಿದವರದ್ದಾಗಿರಬಹುದು, ಹಾಡು ಹೊರಗಿನವರ ಕಿವಿಗೆ ಬೀಳಬಾರದೆಂಬ ಕಟ್ಟಳೆ ಸಮುದಾಯದ್ದಾಗಿರಬಹುದು. ಲೋಕಲ್ ಕಾಂಟೆಕ್ಸ್ಟ್ಸ್ ಎಂಬ ಸಂಸ್ಥೆ ರೂಪಿಸಿದ ಪಾರಂಪರಿಕ ಜ್ಞಾನದ ಲೇಬಲ್‌ಗಳು ಇಂಥ ಕಟ್ಟಳೆಗಳನ್ನು ಕೃತಿಯ ಜೊತೆಗೇ ತಿಳಿಸಲು ಬಳಕೆಯಾಗುತ್ತವೆ.

ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ರಚನಾಕಾರರು ಮನಸ್ಸು ಬದಲಿಸಿ ಕೃತಿಯನ್ನು ಜಾಲತಾಣದಿಂದ ತೆಗೆಯಬಹುದು, ಆದರೆ ಅಷ್ಟರಲ್ಲಿ ಪ್ರತಿ ಪಡೆದವರು ಷರತ್ತು ಪಾಲಿಸುತ್ತಿರುವಷ್ಟು ಕಾಲ ಬಳಸುತ್ತಲೇ ಇರಬಹುದು. ಷರತ್ತು ಮುರಿದರೆ ಅನುಮತಿ ತಾನಾಗಿಯೇ ರದ್ದಾಗುತ್ತದೆ, 4.0 ಆವೃತ್ತಿಯಲ್ಲಿ, ತಪ್ಪು ಗಮನಕ್ಕೆ ಬಂದ 30 ದಿನಗಳೊಳಗೆ ತಿದ್ದಿಕೊಂಡವರಿಗೆ ಅದು ಮತ್ತೆ ಸಿಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಸೌಲಭ್ಯವಿಲ್ಲದ್ದರಿಂದ ಹೆಸರಿನ ಸಣ್ಣ ಲೋಪವನ್ನೇ ಹಿಡಿದು ದಂಡ ವಸೂಲಿಗಿಳಿದವರಿದ್ದಾರೆ, ಆದ್ದರಿಂದ ಈಗ ಆರಿಸುವವರು 4.0 ಬಿಟ್ಟು ಹಿಂದಿನದಕ್ಕೆ ಹೋಗಲು ಕಾರಣವಿಲ್ಲ. ತಮಗೆ ಒಪ್ಪಿಗೆಯಾಗದ ರೂಪಾಂತರದ ಮೇಲೆ ತಮ್ಮ ಹೆಸರು ಕಾಣುವುದು ಬೇಡವೆನಿಸಿದರೆ ಅದಕ್ಕೂ ಈ ಆವೃತ್ತಿಯಲ್ಲಿ ದಾರಿಯಿದೆ: ರಚನಾಕಾರರು ಕೇಳಿಕೊಂಡರೆ, ಸಾಧ್ಯವಿರುವ ಮಟ್ಟಿಗೆ ಅವರ ಹೆಸರನ್ನು ತೆಗೆದುಹಾಕುವುದು ಬಳಸಿದವರ ಕರ್ತವ್ಯ.