ಚಿಪ್ ಹಾಕಿದರೂ ಬ್ಯಾಕಪ್ ಡಿಸ್ಕ್ ಓಡದಿದ್ದಾಗ

"ಚಿಪ್ ಹಾಕ್ಸಿದೀನಿ ಸರ್, ಆದ್ರೂ ನಾನು ಬರೆದ ಡಿಸ್ಕ್ ಓಡ್ತಿಲ್ಲ" ಎನ್ನುತ್ತ ಹಳೆಯ ಪ್ಲೇಸ್ಟೇಷನ್ ಗೇಮ್ ಕನ್ಸೋಲ್ ಹಿಡಿದು ಬರುವವರಿಗೆ ನಾನು ಮೊದಲು ಕೇಳುವುದು ಇಷ್ಟೇ: ಅಸಲಿ ಡಿಸ್ಕ್ ಸರಿಯಾಗಿ ಓಡುತ್ತದೆಯೇ? ಅದೂ ತಡವರಿಸುತ್ತಿದ್ದರೆ ತಪ್ಪು ಚಿಪ್‌ನದಲ್ಲ.

ಈ ಚಿಪ್ ಅಂದರೆ ಮಾಡ್‌ಚಿಪ್, ನಕಲು ಡಿಸ್ಕ್ ಓಡಲೆಂದು ಕನ್ಸೋಲಿನೊಳಗೆ ಕೂರಿಸುವಂಥದ್ದು. ಅದು ಮಾಡುವ ಕೆಲಸ ಬಹಳ ಚಿಕ್ಕದು. 1994ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್‌ನ ಅಸಲಿ ಡಿಸ್ಕ್‌ಗಳಲ್ಲಿ, ನಡುವಿನ ತೂತಿಗೆ ಹತ್ತಿರದ ಶುರುವಿನ ಭಾಗದಲ್ಲಿ, ಮಾಹಿತಿ ಕೂತಿರುವ ಸುರುಳಿಗೆರೆ ಅತ್ತಿತ್ತ ತುಸು ಓಲಾಡುತ್ತದೆ. ಆ ಓಲಾಟದಲ್ಲೇ ನಾಲ್ಕು ಅಕ್ಷರಗಳಿವೆ: ಜಪಾನಿನದಕ್ಕೆ ಎಸ್‌ಸಿಇಐ, ಅಮೆರಿಕದ್ದಕ್ಕೆ ಎಸ್‌ಸಿಇಎ, ಯುರೋಪಿನದಕ್ಕೆ ಎಸ್‌ಸಿಇಇ. ಆಟ ಶುರುವಾಗುವ ಮುಂಚೆ ಕನ್ಸೋಲ್ ಇದನ್ನು ಹುಡುಕುತ್ತದೆ. ಕಂಪ್ಯೂಟರಿನ ರೈಟರ್‌ಗೆ ಇದನ್ನು ಬರೆಯಲು ಬರುವುದಿಲ್ಲ. ಖಾಲಿ ಸಿಡಿಯಲ್ಲಿ ಗಾಡಿಜಾಡಿನಂತೆ ಗೆರೆ ಮೊದಲೇ ಕೊರೆದಿರುತ್ತದೆ, ರೈಟರ್ ಅದರಲ್ಲೇ ಸಾಗಬೇಕು. ಹೀಗಾಗಿ ಆಟ ಪೂರ್ತಿ ನಕಲಾದರೂ ಆ ನಾಲ್ಕು ಅಕ್ಷರ ಬರುವುದಿಲ್ಲ. ಮಾಡ್‌ಚಿಪ್ ಅವನ್ನೇ ಬೋರ್ಡಿಗೆ ತಾನು ಕಳಿಸುತ್ತದೆ. ಮೊದಮೊದಲ ಚಿಪ್‌ಗಳು ಬಿಡದೆ ಕಳಿಸುತ್ತಲೇ ಇದ್ದವು. ಅದನ್ನು ಪತ್ತೆಹಚ್ಚಿ ನಿಂತುಬಿಡುವ ಆಟಗಳು ಬಂದ ಮೇಲೆ, ಶುರುವಿನಲ್ಲಿ ಹೇಳಿ ಸುಮ್ಮನಾಗುವ ಚಿಪ್‌ಗಳು ಬಂದವು.

ಡಿಸ್ಕ್‌ನ ಕಪ್ಪು ಬಣ್ಣವೇ ನಕಲು ತಡೆಯುತ್ತದೆ ಎಂದು ನಂಬಿದವರು ಈಗಲೂ ಸಿಗುತ್ತಾರೆ. ಆ ಕಪ್ಪು ನಮ್ಮ ಕಣ್ಣಿಗಷ್ಟೇ. ಸಿಡಿ ಲೇಸರ್‌ನ 780 ನ್ಯಾನೊಮೀಟರ್ ಇನ್‌ಫ್ರಾರೆಡ್ ಬೆಳಕು ಅದನ್ನು ಸಲೀಸಾಗಿ ದಾಟುತ್ತದೆ.

ಚಿಪ್ ಗುರುತು ಹೇಳಿತು, ಸರಿ. ಓದಬೇಕಾದದ್ದು ಲೇಸರ್. ಕಾರ್ಖಾನೆಯ ಡಿಸ್ಕ್‌ನಲ್ಲಿ ಅಚ್ಚೊತ್ತಿದ ಗುಳಿಗಳಿರುತ್ತವೆ, ಮೇಲೆ ಅಲ್ಯುಮಿನಿಯಂ ಪದರ. ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ-ಆರ್‌ನಲ್ಲಿ ಇರುವುದು ಬಣ್ಣದ ಪದರ ಸುಟ್ಟ ಗುರುತು. ಮರಳುವ ಬೆಳಕು ಕಡಿಮೆ. ಅಳಿಸಿ ಮತ್ತೆ ಬರೆಯಬಹುದಾದ ಸಿಡಿ-ಆರ್‌ಡಬ್ಲ್ಯೂನಲ್ಲಿ ಇನ್ನೂ ಬಹಳ ಕಡಿಮೆ. ಇಂಥ ಹಳೆಯ ಯಂತ್ರಕ್ಕೆ ಅದನ್ನು ಹಾಕಲೇಬೇಡಿ. ದಣಿದ ಲೇಸರ್ ಅಸಲಿಯನ್ನು ಹೇಗೋ ಓದಿ, ನಕಲಿನ ಮುಂದೆ ಸೋಲುವುದು ಇದಕ್ಕೇ.

ಆಗ ಹಲವರು ಲೇಸರ್ ಪಕ್ಕದ ಪ್ರಿಸೆಟ್ (ಲೇಸರ್‌ನ ಕರೆಂಟ್ ಹೊಂದಿಸುವ ಪುಟ್ಟ ತಿರುಪು) ತಿರುಗಿಸುತ್ತಾರೆ. ಇದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕರೆಂಟ್ ಏರುತ್ತದೆ, ಡಿಸ್ಕ್ ಓಡುತ್ತದೆ, ಬೆಳಕು ಕೊಡುವ ಡಯೋಡ್‌ನ ಆಯಸ್ಸು ಕರಗುತ್ತದೆ. ಹೀಗೆ ತಿರುಗಿಸಿ ತಿರುಗಿಸಿ ಪ್ರಿಸೆಟ್‌ನ ಸೀಳೇ ಸವೆದುಹೋದ ಯಂತ್ರವೊಂದು ನನ್ನ ಟೇಬಲ್‌ಗೆ ಬಂದಿತ್ತು. ಮುಚ್ಚಳ ತೆಗೆದರೆ ಲೆನ್ಸ್ ಮೇಲೆ ಬೂದಿಯಂತೆ ಧೂಳು ಕೂತಿತ್ತು. ಒರೆಸಿದ್ದರೆ ಸಾಕಿತ್ತು, ಅಷ್ಟರಲ್ಲಿ ಡಯೋಡ್ ಸತ್ತಿತ್ತು.

ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ಅದ್ದಿದ ಹತ್ತಿಯಿಂದ ಲೆನ್ಸ್ ಹಗುರವಾಗಿ ಒರೆಸಿ. ಆಮೇಲೆ ಲೇಸರ್ ಜಾರುವ ಹಳಿ ನೋಡಿ. ಮೊದಲ ಮಾದರಿಗಳಲ್ಲಿ ಅಲ್ಲಿನ ಪ್ಲಾಸ್ಟಿಕ್ ಸವೆದು ಲೇಸರ್ ವಾಲುತ್ತಿತ್ತು. ಜನ ಕನ್ಸೋಲನ್ನು ತಲೆಕೆಳಗಾಗಿಟ್ಟು ಆಡುತ್ತಿದ್ದುದು ಅದಕ್ಕೇ. ಡಿಸ್ಕನ್ನು ಒಳ್ಳೆಯ ಸಿಡಿ-ಆರ್‌ನಲ್ಲಿ, ಅವಸರವಿಲ್ಲದ ವೇಗದಲ್ಲಿ ಬರೆಯಿರಿ.

ಕಾನೂನಿನ ಮಾತು. ಅಮೆರಿಕದಲ್ಲಿ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಕಲು ಮಾತ್ರವಲ್ಲ, ಬೀಗ ಮುರಿಯುವುದೇ ಅಪರಾಧವಾಗಬಹುದು. ಆಸ್ಟ್ರೇಲಿಯಾದ ಹೈಕೋರ್ಟ್ 2005ರಲ್ಲಿ ಪ್ಲೇಸ್ಟೇಷನ್ ಚಿಪ್ ಬಗ್ಗೆ ಬೇರೆಯೇ ತೀರ್ಪು ಕೊಟ್ಟಿತ್ತು, ಆಮೇಲೆ ಅಲ್ಲಿನ ಕಾನೂನೂ ಬದಲಾಯಿತು. ನಿಮ್ಮಲ್ಲಿ ಏನಿದೆಯೋ ತಿಳಿದುಕೊಂಡೇ ಕೈ ಹಾಕಿ. ಅಸಲಿ ಡಿಸ್ಕ್ ಇಲ್ಲದವರಿಗೆ ನಾನು ಚಿಪ್ ಹಾಕುವುದಿಲ್ಲ.

ಲೇಸರ್ ಪೂರ್ತಿ ಸೋತಿದ್ದರೆ ಈಗ ಡ್ರೈವನ್ನೇ ತೆಗೆದು, ಎಸ್‌ಡಿ ಕಾರ್ಡ್‌ನಿಂದ ಆಟ ಓಡಿಸುವ ಬೋರ್ಡ್ ಕೂರಿಸಬಹುದು. ಹಾಗೆ ಮಾಡಿದರೂ ಬಿಚ್ಚಿದ ಡ್ರೈವನ್ನು ಪೊಟ್ಟಣ ಕಟ್ಟಿ ಯಂತ್ರದ ಜೊತೆಗೇ ವಾಪಸ್ ಕೊಡುತ್ತೇನೆ.