ಮಾಂಸದ ತುಂಡಿನ ಮೇಲೆ ಬಿದ್ದ ಹಾಲು: ಖುಲ್ಲೀನ್ ಎಂಟನೆಯ ಅಧ್ಯಾಯ ಓದುವ ಸಹಪಾಠಿಗಳಿಗೆ

ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು. ಯಹೂದಿ ಧರ್ಮಗ್ರಂಥವಾದ ತೋರಾದಲ್ಲಿ ಈ ಮಾತು ಮೂರು ಕಡೆ ಬರುತ್ತದೆ: ವಿಮೋಚನಕಾಂಡ 23:19, 34:26, ಧರ್ಮೋಪದೇಶಕಾಂಡ 14:21. ಮೂರು ಸಲ ಹೇಳಿದ್ದೇಕೆ? ಬೇಯಿಸಬಾರದು, ತಿನ್ನಬಾರದು, ಅದರಿಂದ ಯಾವ ಲಾಭವನ್ನೂ ಪಡೆಯಬಾರದು ಎಂದು ರಬ್ಬಿ ಇಶ್ಮಾಯೇಲರ ಶಿಷ್ಯಪರಂಪರೆ ವಿವರಿಸುತ್ತದೆ. ಯಹೂದಿ ಮನೆಗಳಲ್ಲಿ ಮಾಂಸಕ್ಕೂ ಹಾಲಿಗೂ ಬೇರೆ ಬೇರೆ ಪಾತ್ರೆ ಇರುವುದರ ಮೂಲ ಇದೇ. ಯಹೂದಿ ಧರ್ಮಚರ್ಚೆಯ ಗ್ರಂಥವಾದ ತಾಲ್ಮುದ್‌ನಲ್ಲಿ ಖುಲ್ಲೀನ್ ಎಂಬ ಭಾಗದ ಎಂಟನೆಯ ಅಧ್ಯಾಯ ಚರ್ಚಿಸುವುದು ಇದನ್ನೇ.

ಒಂದು ಎಚ್ಚರಿಕೆ. ಇದನ್ನು ನಮ್ಮ ಮಡಿ-ಮೈಲಿಗೆಯ ಕಣ್ಣಿನಿಂದ ಓದಿದರೆ ದಾರಿ ತಪ್ಪುತ್ತದೆ. ಈ ಅಧ್ಯಾಯದಲ್ಲಿ ಮುಖ್ಯ ಪ್ರಶ್ನೆ ಮುಟ್ಟಿತೇ ಎಂಬುದಲ್ಲ, ರುಚಿ ಹತ್ತಿತೇ ಎಂಬುದು.

ತಾಲ್ಮುದ್‌ನ ಮೂಲಪಾಠವಾದ ಮಿಶ್ನಾ 8:3 ನೋಡಿ. ಮಾಂಸದ ತುಂಡಿನ ಮೇಲೆ ಹಾಲಿನ ಹನಿ ಬಿದ್ದಿದೆ. ಆ ತುಂಡಿಗೆ ಹಾಲಿನ ರುಚಿ ಬರುವಷ್ಟಿದ್ದರೆ ತುಂಡು ನಿಷಿದ್ಧ. ಮಡಕೆಯನ್ನು ಕಲಕಿದ್ದರೆ ಲೆಕ್ಕ ಇಡೀ ಮಡಕೆಗೆ. ಆದರೆ ರುಚಿ ನೋಡುವವರು ಯಾರು? ನಿಷಿದ್ಧವಾಗಿರಬಹುದಾದದ್ದನ್ನು ಯಹೂದಿ ಬಾಯಿಗಿಡುವಂತಿಲ್ಲ. ಮಿಶ್ನಾದ ಮೇಲಿನ ಚರ್ಚೆಯಾದ ಗೆಮಾರಾದಲ್ಲಿ (ಹಾಳೆ 97ಎ) ರಾವಾ ಎಂಬ ವಿದ್ವಾಂಸರು ಈ ತೊಡಕನ್ನೇ ಎತ್ತುತ್ತಾರೆ. ಪುರೋಹಿತರಿಗೆ ಮೀಸಲಾದ ಧಾನ್ಯದ ವಿಷಯವಾದರೆ ಪುರೋಹಿತನೇ ರುಚಿ ನೋಡಬಹುದು, ಮಾಂಸ-ಹಾಲಿಗೆ ಯಾರು? ಯಹೂದಿಯಲ್ಲದ ಅಡುಗೆಯವನ ಮಾತನ್ನು ನಂಬಬಹುದು ಎಂಬ ರಬ್ಬಿ ಯೋಹಾನಾನರ ಮಾತಿನಿಂದ ಗಂಟು ಬಿಚ್ಚುತ್ತದೆ. ಅಂಥ ಅಡುಗೆಯವನು ಸಿಗದಿದ್ದರೆ ಅಥವಾ ಬೆರೆತ ಎರಡೂ ಒಂದೇ ಬಗೆಯದಾಗಿ ರುಚಿಯಿಂದ ಗುರುತಿಸಲು ಬಾರದಿದ್ದರೆ, ಆಗ 60 ಪಟ್ಟಿನ ಅಳತೆ: ಬಿದ್ದ ನಿಷಿದ್ಧ ಪದಾರ್ಥದ 60 ಪಟ್ಟು ಉಳಿದದ್ದಿದ್ದರೆ ರುಚಿ ಹತ್ತಲಿಲ್ಲ ಎಂದು ಲೆಕ್ಕ. ಅನೇಕರು ಈ 60ನ್ನು ಮಾತ್ರ ಬಾಯಿಪಾಠ ಮಾಡುತ್ತಾರೆ. ಅದು ರುಚಿಗೆ ಬದಲಾಗಿ ಬಂದ ಅಳತೆ ಎಂಬುದು ತಿಳಿಯದಿದ್ದರೆ ಮುಂದಿನ ವಾದ ಯಾವುದೂ ಕೈಗೆ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಒಲೆಯ ಮೇಲೆ ಎರಡು ಲೀಟರ್ ಮಾಂಸದ ಸಾರು ಕುದಿಯುತ್ತಿದೆ. 5 ಮಿಲಿಲೀಟರ್ ಹಾಲು ಬಿತ್ತು. ಬಿದ್ದ ತಕ್ಷಣ ಕಲಕಿದರೆ 300 ಮಿಲಿಲೀಟರ್ ಇದ್ದರೆ ಸಾಕು, ಸಾರು ಧಾರಾಳವಾಗಿ ಉಳಿಯಿತು. ಅದೇ ಹಾಲು ಸಾರಿನಿಂದ ಮೇಲೆ ಚಾಚಿಕೊಂಡಿದ್ದ 60 ಮಿಲಿಲೀಟರ್ ಗಾತ್ರದ ತುಂಡಿನ ಮೇಲೆ ಬಿತ್ತು, ಯಾರೂ ಕಲಕಲಿಲ್ಲ ಎನ್ನಿ. ತುಂಡು ನಿಷಿದ್ಧವಾಯಿತು. ರವ್ ಎಂಬ ಆಚಾರ್ಯರ ಸೂತ್ರದಂತೆ ಈಗ ಇಡೀ ತುಂಡೇ ನಿಷಿದ್ಧ ಪದಾರ್ಥ. ಅದು ಆಮೇಲೆ ಸಾರಿನಲ್ಲಿ ಮುಳುಗಿದರೆ ಹಾಲಿನ 60 ಪಟ್ಟಲ್ಲ, ತುಂಡಿನ 60 ಪಟ್ಟು ಬೇಕು: 3,600 ಮಿಲಿಲೀಟರ್. ಎರಡು ಲೀಟರ್ ಸಾಲದು, ಮಡಕೆಯೇ ಹೋಯಿತು. ಅದೇ ಹಾಲು, ಅದೇ ಮಡಕೆ. ಸೌಟು ಆಡಿದ ಹೊತ್ತು ಮಾತ್ರ ಬೇರೆ. ಈ ಅಧ್ಯಾಯದಲ್ಲಿ ನನಗೆ ಅತಿ ಪ್ರಿಯವಾದ ಜಾಗ ಇದು.

ಸಫೇದ್‌ನ ಯೋಸೆಫ್ ಕಾರೊ ತಮ್ಮ ಧರ್ಮನಿಯಮಗಳ ಸಂಗ್ರಹವಾದ ಶುಲ್ಖಾನ್ ಆರೂಖ್‌ನಲ್ಲಿ ಅಡುಗೆಯವನಿಂದ ರುಚಿ ನೋಡಿಸುವ ದಾರಿಯನ್ನು ಉಳಿಸಿಕೊಂಡರು. ಕ್ರಾಕೊವ್‌ನ ಮೋಶೆ ಇಸ್ಸೆರ್ಲಿಸ್ ಅದಕ್ಕೆ ಟಿಪ್ಪಣಿ ಬರೆದು, ನಮ್ಮಲ್ಲಿ ಆ ರೂಢಿಯಿಲ್ಲ, ಎಲ್ಲವನ್ನೂ 60ರಿಂದಲೇ ಅಳೆಯುತ್ತೇವೆ ಎಂದರು.

ಇದನ್ನು ಒಬ್ಬರೇ ಓದಬೇಡಿ. ಇಬ್ಬಿಬ್ಬರು ಕೂತು ಜೋರಾಗಿ ಓದುವ ಹವ್ರೂತಾ ಪದ್ಧತಿ ಇರುವುದೇ ಆಕ್ಷೇಪಣೆಗಾಗಿ. ಜೊತೆಗಾರ ರೇಶ್ ಲಾಕಿಶ್ ತೀರಿಕೊಂಡ ಮೇಲೆ ರಬ್ಬಿ ಯೋಹಾನಾನರಿಗೆ ಬೇರೊಬ್ಬ ವಿದ್ವಾಂಸರನ್ನು ಜೊತೆ ಮಾಡಿದರು. ಅವರು ಪ್ರತಿ ಮಾತಿಗೂ ಸಮರ್ಥನೆ ಕೊಡುತ್ತಿದ್ದರು. ನಾನು ಹೇಳಿದ್ದು ಸರಿ ಎಂದು ನನಗೇ ಗೊತ್ತಿಲ್ಲವೇ, ರೇಶ್ ಲಾಕಿಶ್ ಆಗಿದ್ದರೆ 24 ಆಕ್ಷೇಪಣೆ ಎತ್ತುತ್ತಿದ್ದ ಎಂದು ಯೋಹಾನಾನರು ಅತ್ತರು.

ಮುಂದಿನ ತರಗತಿಗೆ ಹಾಳೆ 116ಎ. ಹಕ್ಕಿಗೆ ತಾಯಿಯ ಹಾಲೇ ಇಲ್ಲ, ಆದ್ದರಿಂದ ಅದು ಈ ನಿಷೇಧಕ್ಕೆ ಸೇರದು ಎಂಬುದು ಗಲಿಲಾಯದ ರಬ್ಬಿ ಯೋಸೆಯ ವಾದ. ಲೇವಿ ಎಂಬ ವಿದ್ವಾಂಸರು ಹಕ್ಕಿ ಹಿಡಿಯುವವನೊಬ್ಬನ ಮನೆಗೆ ಹೋದಾಗ ಹಾಲಿನಲ್ಲಿ ಬೇಯಿಸಿದ ನವಿಲಿನ ತಲೆಯನ್ನು ಬಡಿಸಿದರು. ಲೇವಿ ಏನೂ ಹೇಳಲಿಲ್ಲ. ಆ ಮನೆಯವರಿಗೆ ನೀನು ಏಕೆ ಬಹಿಷ್ಕಾರ ಹಾಕಲಿಲ್ಲ ಎಂದು ಲೇವಿಯ ಗುರುಗಳು ಕೇಳಿದರು. ಅದು ಯೆಹೂದಾ ಬೆನ್ ಬತೇರಾ ಅವರ ಊರು, ಅವರು ಯೋಸೆಯ ಮತದಂತೆ ಬೋಧಿಸಿರಬಹುದು ಎಂದು ಲೇವಿ ಉತ್ತರಿಸಿದರು. ಜೋಡಿಯಲ್ಲಿ ಒಬ್ಬರು ಗುರುವಿನ ಪಕ್ಷ, ಇನ್ನೊಬ್ಬರು ಲೇವಿಯ ಪಕ್ಷ ಹಿಡಿದು ತಯಾರಾಗಿ ಬನ್ನಿ.