ಕೊನೆಯ ಪುಟದ ಅಡಿಯ ಸಾಲು

ಶಿವಮೊಗ್ಗದಲ್ಲಿ ಅಚ್ಚಾಗುವ ಯಾವ ದಿನಪತ್ರಿಕೆಯನ್ನಾದರೂ ತಿರುಗಿಸಿ ನೋಡಿ. ಕೊನೆಯ ಪುಟದ ಅಡಿಯಲ್ಲಿ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಮಾಲೀಕರು, ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರೆಂದು ಬರೆದಿರುತ್ತದೆ. ಜಿಲ್ಲಾ ಪತ್ರಿಕೆಗಳಲ್ಲಿ ಈ ನಾಲ್ವರೂ ಹೆಚ್ಚಾಗಿ ಒಬ್ಬರೇ. ಓದುಗರು ಆ ಸಾಲಿನ ಗೊಡವೆಗೆ ಹೋಗುವುದಿಲ್ಲ. ವಕೀಲರಾದ ನಾವು ಮೊದಲು ಓದುವುದೇ ಅದನ್ನು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ 7ನೇ ಕಲಮಿನಂತೆ, ಸಂಪಾದಕರೆಂದು ಯಾರ ಹೆಸರು ಅಚ್ಚಾಗಿದೆಯೋ ಅವರೇ ಹೊಣೆಗಾರರೆಂದು ನ್ಯಾಯಾಲಯ ಭಾವಿಸುತ್ತಿತ್ತು. ಅಲ್ಲವೆಂದು ತೋರಿಸುವ ಹೊರೆ ಅವರದೇ. 2024ರ ಮಾರ್ಚ್‌ನಿಂದ ಹೊಸ ಕಾಯ್ದೆ ಜಾರಿಯಲ್ಲಿದೆ. ಸಮನ್ಸ್ ಮಾತ್ರ ಇಂದಿಗೂ ಹುಡುಕಿಕೊಂಡು ಬರುವುದು ಆ ಹೆಸರನ್ನೇ.

ಸಂಪಾದಕರೆಂದರೆ ನಮ್ಮ ಜಿಲ್ಲೆಯವರು ಲಂಕೇಶರ ಹೆಸರೆತ್ತುತ್ತಾರೆ. 1935ರಲ್ಲಿ ಕೊನಗವಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು 1980ರಲ್ಲಿ ವಾರಪತ್ರಿಕೆ ತೆಗೆದರು. ಜಾಹೀರಾತಿನ ಹಂಗಿಲ್ಲದೆ, ಓದುಗರ ದುಡ್ಡಿನಲ್ಲೇ ನಡೆಸಿದರು. ಜಿಲ್ಲಾ ಪತ್ರಿಕೆಗೆ ಆ ಮಟ್ಟದ ಮಾರಾಟ ಎಲ್ಲಿಂದ ಬರಬೇಕು? ಟೆಂಡರ್ ಪ್ರಕಟಣೆ, ಶ್ರದ್ಧಾಂಜಲಿ, ಮುಖಂಡರ ಹುಟ್ಟುಹಬ್ಬದ ಶುಭಾಶಯಗಳಿಂದಲೇ ಅದರ ಜೀವನ. ಶುಭಾಶಯಕ್ಕೆ ದುಡ್ಡು ಕೊಟ್ಟವರ ವಿರುದ್ಧವೇ ಮರುವಾರ ಬರೆಯಬೇಕಾದ ಪ್ರಸಂಗವೂ ಬರುತ್ತದೆ. ಎಲ್ಲರೂ ಬರೆಯುವುದಿಲ್ಲ ಎಂಬುದನ್ನು ಮುಚ್ಚಿಡುವುದೇಕೆ.

ಸಂಪಾದಕರ ಪ್ರಭಾವ ಸಂಪಾದಕೀಯದಿಂದ ಬರುತ್ತದೆಂದು ನನಗನ್ನಿಸುವುದಿಲ್ಲ. ಮಲೆನಾಡಿನಲ್ಲಿ ಅದು ಅಡಿಕೆ ಧಾರಣೆಯಿಂದ ಶುರುವಾಗುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯಲ್ಲಿ ಬಗೆಗಳು. ಒಂದೊಂದಕ್ಕೂ ಕನಿಷ್ಠ, ಗರಿಷ್ಠ ದರ. ರಾಶಿಯ ಸಾಲಿನಲ್ಲಿ ಒಂದಂಕಿ ಏರುಪೇರಾದರೆ ತೀರ್ಥಹಳ್ಳಿ, ಹೊಸನಗರದಿಂದ ಬೆಳಿಗ್ಗೆಯೇ ಫೋನು. ಆ ಪಟ್ಟಿ ವರ್ಷಗಟ್ಟಲೆ ಸರಿಯಿದ್ದರೆ, ಪಕ್ಕದಲ್ಲೇ ಬಂದ ಬಗರ್‌ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ) ಅವ್ಯವಹಾರದ ಸುದ್ದಿಯನ್ನೂ ಜನ ನಂಬುತ್ತಾರೆ. ಜನ ನಂಬುತ್ತಾರೆಂದೇ ಕಚೇರಿಯಲ್ಲಿ ಕಡತ ಅಲುಗಾಡುತ್ತದೆ, ಸಿಟ್ಟಾದವರು ಕೋರ್ಟಿಗೆ ಬರುತ್ತಾರೆ.

ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಶಿಕ್ಷೆ ಗರಿಷ್ಠ 2 ವರ್ಷ. ‘ಬರೆದದ್ದೆಲ್ಲ ಸತ್ಯ ಸಾರ್’ ಎಂದು ಸಂಪಾದಕರು ಧೈರ್ಯವಾಗಿಯೇ ಕೂರುತ್ತಾರೆ. ಸಿವಿಲ್ ದಾವೆಯಲ್ಲಾದರೆ ಸತ್ಯವೊಂದೇ ಸಾಕು. ಕ್ರಿಮಿನಲ್ ಪ್ರಕರಣದಲ್ಲಿ ಮೊದಲ ವಿನಾಯಿತಿ ಸಿಗಬೇಕಾದರೆ ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆ ಎಂಬುದನ್ನೂ ತೋರಿಸಬೇಕು. ಪತ್ರಿಕೆ ಸಾಗರ, ಸೊರಬದಲ್ಲೂ ಮಾರಾಟವಾಗುತ್ತಿದ್ದರೆ ಅಲ್ಲಿಯ ನ್ಯಾಯಾಲಯದಲ್ಲೂ ದೂರು ಹಾಕಬಹುದು. ಶಿಕ್ಷೆಯ ಮಾತು ಹಾಗಿರಲಿ, ವಾಯಿದೆಗೆ ಅಲೆಯುವುದರಲ್ಲೇ ಮನುಷ್ಯ ಹೈರಾಣಾಗುತ್ತಾನೆ. ಬೆಳಿಗ್ಗೆ ಸೊರಬದ ಕೋರ್ಟು, ಸಂಜೆ ಓಡಿ ಬಂದು ಪುಟ ಕಟ್ಟುವ ಕೆಲಸ.

ಹಾಗಾಗಿ ಕಕ್ಷಿದಾರರನ್ನು ನಾನು ಮೊದಲು ಕೇಳುವುದು ಕಾಗದಪತ್ರಗಳನ್ನು: ವರದಿಗಾರರ ಟಿಪ್ಪಣಿ ಪುಸ್ತಕ, ಮಾಹಿತಿ ಹಕ್ಕಿನಲ್ಲಿ ಪಡೆದ ದೃಢೀಕೃತ ಪ್ರತಿ, ಆರೋಪಕ್ಕೆ ಗುರಿಯಾದವರಿಂದ ಪ್ರತಿಕ್ರಿಯೆ ಕೇಳಿದ್ದಕ್ಕೆ ದಾಖಲೆ. ಮೂರನೆಯದು ಸಿಗುವುದು ಅಪರೂಪ. ‘ಗೊತ್ತಿರುವವರೇ ಸಾರ್, ಹೇಗೆ ಕೇಳುವುದು’ ಎನ್ನುತ್ತಾರೆ. ಎಂಟು ಕಾಲಂ ಬರೆಯಲು ಇಲ್ಲದ ಸಂಕೋಚ ಫೋನ್ ಮಾಡಲು! ಮಾನನಷ್ಟದ ಅದೇ ಕಲಮಿನ ಒಂಬತ್ತನೆಯ ವಿನಾಯಿತಿ ಕೇಳುವುದು ಸದ್ಭಾವನೆಯನ್ನು; ಪಾಟೀಸವಾಲಿನಲ್ಲಿ ಎದುರು ವಕೀಲರು ಎತ್ತುವ ಮೊದಲ ಪ್ರಶ್ನೆಯೇ ಆ ಕರೆಯದು.